ಅಂತೇವಾಸಿಗಳು

ಅಮೆರಿಕದ ಬಾಲ್ಟಿಮೋರ್ ನಗರದ ಪೂರ್ವಭಾಗದಲ್ಲಿ, ಎತ್ತರವಾದ ಗುಮ್ಮಟವನ್ನು ಹೊತ್ತ ಕೆಂಪು ಇಟ್ಟಿಗೆಯ ಕಟ್ಟಡವೊಂದು ಇಂದಿಗೂ ನಿಂತಿದೆ. 1889ರ ಮೇ ತಿಂಗಳಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯೆಂಬ ಹೆಸರಿನಿಂದ ಬಾಗಿಲು ತೆರೆದ ಆ ಕಟ್ಟಡದೊಳಗೆ, ಗುಮ್ಮಟದ ಆಶ್ರಯದಲ್ಲಿದ್ದ ಕೊಠಡಿಗಳಲ್ಲಿ, ಕೆಲವು ಮಂದಿ ತರುಣ ವೈದ್ಯರು ವಾಸಮಾಡುತ್ತಿದ್ದರು. ವಾಸವೆಂಬ ಮಾತನ್ನು ಇಲ್ಲಿ ಅಕ್ಷರಶಃ ಗ್ರಹಿಸಬೇಕು. ಅವರ ಊಟ ಅಲ್ಲಿ, ನಿದ್ರೆ ಅಲ್ಲಿ, ಅವರ ಬಟ್ಟೆ ಒಗೆಯುವುದೂ ಅಲ್ಲಿ. ಸಂಬಳವೆಂಬುದು ಇಲ್ಲವೆಂದೇ ಹೇಳಬೇಕು. ಆ ವರ್ಷಗಳಲ್ಲಿ ವಿವಾಹದ ಆಲೋಚನೆಯನ್ನು ಬದಿಗಿಡುವುದು ಅಲಿಖಿತವಾದ ನಿಯಮವಾಗಿತ್ತು. ನಡುರಾತ್ರಿಯಲ್ಲಿ ರೋಗಿಯೊಬ್ಬನ ಉಸಿರು ತಪ್ಪಿದರೆ, ಅವನ ಬಳಿಗೆ ಓಡಿಬರುವುದಕ್ಕೆ ಆ ತರುಣರಿಗೆ ಒಂದು ಮೆಟ್ಟಲಸಾಲನ್ನು ಇಳಿಯುವಷ್ಟೇ ದೂರ. ಅವರಿಗೆ ‘ರೆಸಿಡೆಂಟ್’ ಎಂಬ ಹೆಸರು ಬಂದದ್ದು ಈ ವಾಸದಿಂದ.

ಗುರುವಿನ ಸಮೀಪದಲ್ಲಿ ವಾಸಮಾಡುವ ಶಿಷ್ಯನನ್ನು ನಮ್ಮ ಪ್ರಾಚೀನರು ‘ಅಂತೇವಾಸಿ’ ಎಂದು ಕರೆದರು. ರೆಸಿಡೆಂಟ್ ಎಂಬ ಪದಕ್ಕೆ ಇದಕ್ಕಿಂತ ಹೊಂದುವ ಮಾತು ನನಗೆ ತೋರುವುದಿಲ್ಲ. ಆಸ್ಪತ್ರೆಯ ಅಂತೇವಾಸಿಯಾದರೋ ಗುರುವಿಗೆ ಸಮೀಪವಾಗಿರುವಂತೆಯೇ ರೋಗಿಗೂ ಸಮೀಪವಾಗಿರುವವನು. ಮತ್ತೊಂದು ಹಳೆಯ ಪದವೂ ಇಲ್ಲಿ ನೆನಪಿಗೆ ಬರುತ್ತದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಶಸ್ತ್ರಾಭ್ಯಾಸಕ್ಕೆಂದೇ ಮೀಸಲಾದ ಒಂದು ಅಧ್ಯಾಯವುಂಟು. ಕುಂಬಳ, ಸೋರೆ, ಸೌತೆ ಮುಂತಾದ ಕಾಯಿಗಳ ಮೇಲೆ ಕೊಯ್ಯುವುದನ್ನೂ, ಕೆಸರುನೀರು ತುಂಬಿದ ತೊಗಲಿನ ಚೀಲಗಳ ಮೇಲೆ ಸೀಳುವುದನ್ನೂ ಶಿಷ್ಯನು ಕಲಿಯತಕ್ಕದ್ದೆಂದು ಅಲ್ಲಿ ವಿಧಿಸಿದೆ. ಆ ಅಭ್ಯಾಸಕ್ಕೆ ಅಲ್ಲಿರುವ ಹೆಸರು ‘ಯೋಗ್ಯಾ’. ಅಭ್ಯಾಸಕ್ಕೂ ಅರ್ಹತೆಗೂ ಒಂದೇ ಮೂಲದ ಪದಗಳನ್ನು ಕೊಟ್ಟ ಆ ಭಾಷೆಯ ವಿವೇಕಕ್ಕೆ ನಾನು ಮತ್ತೆ ಮತ್ತೆ ತಲೆಬಾಗಿದ್ದೇನೆ. ಆದರೆ ಅಭ್ಯಾಸಮಾಡಿದವನು ಯೋಗ್ಯನಾದನೆಂದು ನಿಶ್ಚಯಿಸತಕ್ಕವರು ಯಾರು, ಯಾವುದನ್ನು ನೋಡಿ ನಿಶ್ಚಯಿಸುವರು? ಬಾಲ್ಟಿಮೋರಿನ ಗುಮ್ಮಟದಿಂದ ಮೊದಲಾದ ಒಂದೂಕಾಲು ಶತಮಾನಕ್ಕೂ ಮೀರಿದ ಚರಿತ್ರೆಯು ನನ್ನ ಕಣ್ಣಿಗೆ ಈ ಒಂದು ಪ್ರಶ್ನೆಯ ಚರಿತ್ರೆಯಾಗಿಯೇ ಕಾಣುತ್ತದೆ.

ಆ ಆಸ್ಪತ್ರೆ ಹುಟ್ಟುವುದಕ್ಕೆ ಮುಂಚೆ ಅಮೆರಿಕದ ವೈದ್ಯಶಿಕ್ಷಣವಿದ್ದ ಸ್ಥಿತಿ ಶೋಚನೀಯವಾದದ್ದು. ಬಹುಪಾಲು ಶಾಲೆಗಳು ಉಪಾಧ್ಯಾಯರ ಸ್ವಂತ ಸ್ವತ್ತಾಗಿದ್ದು, ವಿದ್ಯಾರ್ಥಿಗಳ ಶುಲ್ಕದಿಂದ ಜೀವಿಸುತ್ತಿದ್ದುವು. ಎರಡು ಅವಧಿಗಳ ಉಪನ್ಯಾಸಗಳನ್ನು ಕೇಳಿ, ಅದರಲ್ಲಿಯೂ ಎರಡನೆಯ ಅವಧಿಯಲ್ಲಿ ಮೊದಲನೆಯದನ್ನೇ ಮತ್ತೊಮ್ಮೆ ಕೇಳಿ, ರೋಗಿಯ ನಾಡಿಯನ್ನು ಒಮ್ಮೆಯಾದರೂ ಹಿಡಿಯದೆ ಪದವಿಯನ್ನು ಪಡೆದು ಹೊರಟವರು ಅಸಂಖ್ಯರು. 1873ರಲ್ಲಿ ತೀರಿಕೊಂಡ ಜಾನ್ಸ್ ಹಾಪ್ಕಿನ್ಸ್ ಎಂಬ ವರ್ತಕರು 70 ಲಕ್ಷ ಡಾಲರುಗಳನ್ನು ಒಂದು ವಿಶ್ವವಿದ್ಯಾನಿಲಯಕ್ಕೂ ಒಂದು ಆಸ್ಪತ್ರೆಗೂ ಬಿಟ್ಟುಹೋದರು. ಆದರೂ ವೈದ್ಯಶಾಲೆಯನ್ನು ತೆರೆಯುವ ವೇಳೆಗೆ ಹಣ ಸಾಲದಾಗಿ, ಮೇರಿ ಗ್ಯಾರೆಟ್ ಎಂಬ ಮಹಿಳೆ ಆ ಕೊರತೆಯನ್ನು ತುಂಬಿಕೊಟ್ಟರು. ಸ್ತ್ರೀಯರನ್ನು ಪುರುಷರಿಗೆ ಸಮಾನವಾಗಿ ಸೇರಿಸಿಕೊಳ್ಳಬೇಕು, ಪ್ರವೇಶಕ್ಕೆ ಮೊದಲೇ ಒಂದು ಪದವಿ ಇರಬೇಕು ಎಂಬ ಅವರ ನಿಬಂಧನೆಗಳಿಗೆ ಒಪ್ಪಿ, 1893ರಲ್ಲಿ ಆ ಶಾಲೆ ಆರಂಭವಾಯಿತು. ಮುಂದೆ 1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರರು 155 ವೈದ್ಯಶಾಲೆಗಳನ್ನು ಸಂದರ್ಶಿಸಿ ಬರೆದ ವರದಿಗೆ ಇದೇ ಆದರ್ಶವಾಯಿತು. ಆ ವರದಿಯ ತರುವಾಯ ಎಷ್ಟೋ ದುರ್ಬಲ ಶಾಲೆಗಳು ಮುಚ್ಚಿದುವು. ಅವುಗಳ ಜೊತೆಯಲ್ಲಿ ಕಪ್ಪು ಜನರ ಏಳು ಶಾಲೆಗಳಲ್ಲಿ ಐದು ಮುಚ್ಚಿಹೋದುವೆಂಬುದನ್ನೂ ಮರೆಯಲಾಗದು. ಯೋಗ್ಯತೆಯನ್ನು ಅಳೆಯುವ ಕೋಲು ಯಾರ ಕೈಯಲ್ಲಿದೆಯೆಂಬುದು ಸಣ್ಣ ವಿಷಯವಲ್ಲ.

ಈ ಆಸ್ಪತ್ರೆಯ ಶಸ್ತ್ರವೈದ್ಯ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದವರು ವಿಲಿಯಂ ಹಾಲ್‌ಸ್ಟೆಡ್. ಅವರು 1878ರಿಂದ ಎರಡು ವರ್ಷ ಜರ್ಮನಿ ಮತ್ತು ಆಸ್ಟ್ರಿಯಗಳಲ್ಲಿದ್ದು, ಅಲ್ಲಿನ ಮಹಾಶಸ್ತ್ರವೈದ್ಯರು ತಮ್ಮ ಸಹಾಯಕರನ್ನು ಅನೇಕ ವರ್ಷ ಪಕ್ಕದಲ್ಲಿಟ್ಟುಕೊಂಡು ತಿದ್ದುತ್ತಿದ್ದ ಕ್ರಮವನ್ನು ಕಣ್ಣಾರೆ ಕಂಡಿದ್ದರು. ಆ ಕ್ರಮವನ್ನೇ ಬಾಲ್ಟಿಮೋರಿಗೆ ತಂದು, ತಮ್ಮ ಸ್ವಭಾವಕ್ಕೆ ತಕ್ಕಂತೆ ಇನ್ನಷ್ಟು ಕಠಿನಮಾಡಿದರು. 1904ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಶಸ್ತ್ರವೈದ್ಯನ ಶಿಕ್ಷಣವನ್ನು ಕುರಿತು ಅವರು ಮಾಡಿದ ಉಪನ್ಯಾಸದಲ್ಲಿ ಅದರ ವಿವರವಿದೆ: ಸಾಮಾನ್ಯವಾಗಿ ಎಂಟು ವರ್ಷ, ಅದರಲ್ಲಿ ಆರು ವರ್ಷ ಸಹಾಯಕನಾಗಿ, ಕೊನೆಯ ಎರಡು ವರ್ಷ ಹೌಸ್ ಸರ್ಜನ್ ಆಗಿ. ಆದರೆ ಸೇರಿದವರೆಲ್ಲರೂ ಆ ಕೊನೆಯ ಎರಡು ವರ್ಷಗಳನ್ನು ಕಾಣುತ್ತಿರಲಿಲ್ಲ. ಬುಡದಲ್ಲಿ ಹಲವರು, ನಡುವೆ ಕೆಲವರು, ತುದಿಯಲ್ಲಿ ಒಬ್ಬನು. ಉಳಿದವರು ಒಬ್ಬೊಬ್ಬರಾಗಿ ಉದುರಿಹೋಗಬೇಕು. ಈ ಗೋಪುರಾಕಾರದ ವ್ಯವಸ್ಥೆಯಲ್ಲಿ ಹಾಲ್‌ಸ್ಟೆಡ್ಡರು ಮೂರು ದಶಕಗಳಿಗೂ ಮೀರಿದ ತಮ್ಮ ಅಧಿಕಾರದ ಅವಧಿಯಲ್ಲಿ ತುದಿಯವರೆಗೆ ತಂದ ಮುಖ್ಯ ರೆಸಿಡೆಂಟರ ಸಂಖ್ಯೆ ಕೇವಲ 17.

ಅಲ್ಲಿ ಲಿಖಿತ ಪರೀಕ್ಷೆಯಿರಲಿಲ್ಲ, ಅಂಕಪಟ್ಟಿಯಿರಲಿಲ್ಲ. ಗುರುವಿನ ಕಣ್ಣೇ ಪರೀಕ್ಷೆ. ತರುಣನ ಬೆರಳು ಅಂಗಾಂಶವನ್ನು ಎಷ್ಟು ಮೃದುವಾಗಿ ಮುಟ್ಟುತ್ತದೆ, ರಕ್ತನಾಳವನ್ನು ಎಷ್ಟು ನಿದಾನವಾಗಿ ಕಟ್ಟುತ್ತದೆ, ಎದುರಿಸಲಾಗದ ಸಂಕಟ ಬಂದಾಗ ಅವನ ಮುಖ ಹೇಗಾಗುತ್ತದೆ ಎಂಬುದನ್ನು ವರ್ಷಾನುವರ್ಷ ಮೌನವಾಗಿ ನೋಡಿದವರು, ಒಂದು ದಿನ ಮೌನವಾಗಿಯೇ ಅವನಿಗೆ ಕತ್ತಿಯನ್ನು ಬಿಟ್ಟುಕೊಡುತ್ತಿದ್ದರು. ಹಾರ್ವೆ ಕುಷಿಂಗರೂ ವಾಲ್ಟರ್ ಡ್ಯಾಂಡಿಯವರೂ ಆ ಕಣ್ಣಿನ ಎದುರಿನಲ್ಲಿ ಬೆಳೆದು ಮಿದುಳಿನ ಶಸ್ತ್ರವೈದ್ಯವನ್ನು ಕಟ್ಟಿದವರು. ಇಂಥ ಫಲವನ್ನು ಕೊಟ್ಟ ಪದ್ಧತಿಯನ್ನು ಹಗುರವಾಗಿ ಕಾಣಲು ನನ್ನ ಮನಸ್ಸು ಒಪ್ಪದು. ಆದರೂ ಆ ಕಣ್ಣಿನ ಹಿಂದೆ ಇದ್ದ ಮನುಷ್ಯನ ಸಂಕಟವನ್ನು ತಿಳಿದಾಗ ಮನಸ್ಸು ಭಾರವಾಗುತ್ತದೆ. 1884ರಲ್ಲಿ ಕೊಕೇನಿನ ಸ್ಪರ್ಶಹಾರಕ ಗುಣವನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು ಅದಕ್ಕೆ ದಾಸರಾದ ಹಾಲ್‌ಸ್ಟೆಡ್ಡರು, ಅದರಿಂದ ಬಿಡಿಸಿಕೊಳ್ಳುವ ಯತ್ನದಲ್ಲಿ ಮಾರ್ಫಿನ್ನಿಗೆ ಸಿಲುಕಿದರು. ಸಹೋದ್ಯೋಗಿ ವಿಲಿಯಂ ಆಸ್ಲರರು ಗುಟ್ಟಾಗಿ ಬರೆದಿಟ್ಟಿದ್ದ ಆಸ್ಪತ್ರೆಯ ಅಂತರಂಗಚರಿತ್ರೆ 1969ರಲ್ಲಿ ಪ್ರಕಟವಾದಾಗ, ಆ ಬಂಧನ ಬಾಲ್ಟಿಮೋರಿನ ವರ್ಷಗಳಲ್ಲಿಯೂ ಮುಂದುವರಿದಿತ್ತೆಂಬುದು ಲೋಕಕ್ಕೆ ತಿಳಿಯಿತು. ಸರ್ವಾಧಿಕಾರವುಳ್ಳ ಆ ಕಣ್ಣನ್ನು ಪರೀಕ್ಷಿಸುವ ಬೇರೊಂದು ಕಣ್ಣು ಅಲ್ಲಿ ಇರಲಿಲ್ಲ.

ಆಸ್ಲರರ ವಾರ್ಡಿನ ಹವೆಯೇ ಬೇರೆ. ವಿದ್ಯಾರ್ಥಿಗಳನ್ನು ಉಪನ್ಯಾಸಮಂದಿರದಿಂದ ಹಾಸಿಗೆಯ ಬಳಿಗೆ ಕರೆತಂದು, ರೋಗಿಯ ಚರಿತ್ರೆಯನ್ನು ಅವರ ಕೈಯಲ್ಲೇ ಬರೆಸಿ, ರೆಸಿಡೆಂಟರನ್ನು ಆ ವಿದ್ಯಾರ್ಥಿಗಳಿಗೆ ಅಣ್ಣಂದಿರನ್ನಾಗಿ ಮಾಡಿದವರು ಅವರು. 1905ರಲ್ಲಿ ಆಕ್ಸ್‌ಫರ್ಡಿಗೆ ಹೊರಟುಹೋಗುವವರೆಗೆ ಆ ವಾರ್ಡುಗಳಲ್ಲಿ ಅವರು ನೆಟ್ಟ ರೂಢಿ, ಇಂದು ಲೋಕದ ಯಾವ ಆಸ್ಪತ್ರೆಯಲ್ಲಿ ಬೆಳಗಿನ ರೌಂಡ್ಸ್ ನಡೆದರೂ ಅಲ್ಲಿ ಉಸಿರಾಡುತ್ತಿರುತ್ತದೆ.

ಇದೇ ಕಾಲದಲ್ಲಿ ಬಾಸ್ಟನ್ ನಗರದ ಅರ್ನೆಸ್ಟ್ ಕಾಡ್ಮನ್ ಎಂಬವರು, ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು. ಇವರು ಕುಷಿಂಗರ ಸಹಪಾಠಿ. ವಿದ್ಯಾರ್ಥಿದೆಸೆಯಲ್ಲಿ ಕುಷಿಂಗರು ಈಥರ್ ಕೊಡುತ್ತಿದ್ದಾಗ ರೋಗಿಯೊಬ್ಬನು ಮೇಜಿನ ಮೇಲೆಯೇ ತೀರಿಕೊಂಡ ಪ್ರಸಂಗವೊಂದುಂಟು. ಆ ವೇದನೆಯ ತರುವಾಯ ಈ ಇಬ್ಬರು ಗೆಳೆಯರೂ ಶಸ್ತ್ರಕ್ರಿಯೆಯ ಉದ್ದಕ್ಕೂ ನಾಡಿಯ ಗತಿಯನ್ನು ಕಾಗದದ ಮೇಲೆ ಗುರುತಿಸುತ್ತ ಹೋದರು. ಅರಿವಳಿಕೆಯ ಮೊದಲ ದಾಖಲೆಗಳೆಂದು ಇಂದು ಗೌರವಿಸಲ್ಪಡುವ ಪತ್ರಗಳು ಅವೇ. ಕಾಡ್ಮನ್ನರ ಬುದ್ಧಿ ಅಲ್ಲಿಗೆ ನಿಲ್ಲಲಿಲ್ಲ. ಪ್ರತಿಯೊಬ್ಬ ರೋಗಿಗೂ ಒಂದು ಚೀಟಿಯನ್ನಿಟ್ಟು, ರೋಗವೇನು, ಚಿಕಿತ್ಸೆಯೇನು, ಉಂಟಾದ ತೊಡಕೇನು ಎಂದು ಬರೆದು, ಒಂದು ವರ್ಷದ ಮೇಲೆ ಆ ರೋಗಿಯನ್ನು ಮತ್ತೆ ಕಂಡು, ಅವನು ಹೇಗಿದ್ದಾನೆಂಬುದನ್ನೂ, ಚೆನ್ನಾಗಿಲ್ಲವಾದರೆ ಅದಕ್ಕೆ ಕಾರಣವೇನೆಂಬುದನ್ನೂ ಅದೇ ಚೀಟಿಯಲ್ಲಿ ಬರೆಯಬೇಕೆಂದರು. ಹಿರಿತನದ ಬಲದಿಂದ ಪದವಿಗೇರುವ ಪದ್ಧತಿಯನ್ನು ಪ್ರತಿಭಟಿಸಿ ದೊಡ್ಡ ಆಸ್ಪತ್ರೆಯ ಕೆಲಸವನ್ನು ತೊರೆದರು. 1911ರಲ್ಲಿ ತಮ್ಮದೇ ಆದ ಚಿಕ್ಕ ಆಸ್ಪತ್ರೆಯನ್ನು ತೆರೆದು, 1916ರವರೆಗೆ ಅಲ್ಲಿಂದ ಹೊರಟ 337 ಮಂದಿ ರೋಗಿಗಳ ಲೆಕ್ಕವನ್ನೂ, ಅವರ ಚಿಕಿತ್ಸೆಯಲ್ಲಿ ನಡೆದ 123 ತಪ್ಪುಗಳನ್ನೂ ಅಚ್ಚುಹಾಕಿಸಿ ಹಂಚಿದರು. ತನ್ನ ತಪ್ಪನ್ನು ತಾನೇ ಎಣಿಸಿ ಊರಿಗೆ ಸಾರಿದ ಇಂಥ ವೈದ್ಯನನ್ನು ನೆನೆದರೆ ನನಗೆ ಗೌರವದಿಂದ ಮಾತು ನಿಲ್ಲುತ್ತದೆ. ಅವರ ಕಾಲದ ವೈದ್ಯಸಮಾಜವಾದರೋ ಅವರನ್ನು ದೂರವಿಟ್ಟಿತು. 1940ರಲ್ಲಿ ತೀರಿಕೊಂಡ ಅವರ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಬಂದದ್ದು 2014ರಲ್ಲಿ.

ಕಾಡ್ಮನ್ನರ ಪ್ರಶ್ನೆಯನ್ನು ಬದಿಗಿಟ್ಟ ಲೋಕ ವರ್ಷಗಳನ್ನು ಎಣಿಸಲು ತೊಡಗಿತು. ನೇತ್ರವೈದ್ಯರ ಮಂಡಲಿಯಿಂದ ಮೊದಲುಗೊಂಡು ಒಂದೊಂದು ವಿಭಾಗಕ್ಕೂ ಪ್ರಮಾಣಪತ್ರ ಕೊಡುವ ಮಂಡಲಿಗಳು ಹುಟ್ಟಿದುವು. ಇಷ್ಟು ವರ್ಷದ ವಾಸ, ಇಷ್ಟು ಶಸ್ತ್ರಕ್ರಿಯೆಗಳು, ಕೊನೆಗೊಂದು ಪರೀಕ್ಷೆ ಎಂದು ಯೋಗ್ಯತೆಯ ಲಕ್ಷಣ ನಿಗದಿಯಾಯಿತು. ಬಾಸ್ಟನ್ನಿನಲ್ಲಿ ಎಡ್ವರ್ಡ್ ಚರ್ಚಿಲ್ಲರು 1930ರ ದಶಕದ ಕೊನೆಯ ವೇಳೆಗೆ ಗೋಪುರವನ್ನು ಕೆಡವಿ, ಸೇರಿದವರೆಲ್ಲರೂ ಕೊನೆಯ ಮೆಟ್ಟಲಿನವರೆಗೆ ಹೋಗಬಹುದಾದ ಆಯತಾಕಾರದ ಕ್ರಮವನ್ನು ತಂದರು. ಒಬ್ಬನ ಏಳಿಗೆಗಾಗಿ ಹಲವರು ಉದುರಬೇಕಾದ ಕ್ರೌರ್ಯ ತಪ್ಪಿದ್ದು ದೊಡ್ಡ ನ್ಯಾಯ.

ಈ ನಡುವೆ ಬಾಲ್ಟಿಮೋರಿನಲ್ಲಿಯೇ ನಡೆದ ಒಂದು ಘಟನೆ, ಪಠ್ಯಕ್ರಮದ ಯಾವ ಕಾಗದಕ್ಕೂ ಸಿಗದ ಒಂದು ಸತ್ಯವನ್ನು ತೋರಿಸಿತು. 1944ರ ನವೆಂಬರ್ 29ರಂದು ಆಲ್ಫ್ರೆಡ್ ಬ್ಲೇಲಾಕರು ನೀಲಿಗಟ್ಟಿದ ಒಂದು ಹಸುಳೆಯ ಹೃದಯದ ರಕ್ತಮಾರ್ಗವನ್ನು ಸರಿಪಡಿಸುವ ಶಸ್ತ್ರಕ್ರಿಯೆಯನ್ನು ಮೊದಲ ಬಾರಿಗೆ ಕೈಗೊಂಡರು. ಅಂಥ ಮಕ್ಕಳ ಬೇನೆಗೆ ಪರಿಹಾರವನ್ನು ಸೂಚಿಸಿದವರು ಹೆಲೆನ್ ಟಾಸಿಗ್. ಆ ದಿನ ಬ್ಲೇಲಾಕರ ಬೆನ್ನ ಹಿಂದೆ ಒಂದು ಮಣೆಯ ಮೇಲೆ ನಿಂತು, ಹೊಲಿಗೆ ಎತ್ತ ಹಾಕಬೇಕು, ಎಷ್ಟು ದೂರ ಬಿಡಬೇಕು ಎಂದು ಮೆಲುದನಿಯಲ್ಲಿ ಹೇಳಿಕೊಟ್ಟವರು ವಿವಿಯನ್ ಥಾಮಸ್ ಎಂಬ ಪ್ರಯೋಗಶಾಲೆಯ ಸಹಾಯಕರು. ಅವರು ಕಪ್ಪು ಜನಾಂಗದವರು, ವೈದ್ಯಪದವಿ ಇಲ್ಲದವರು, ನಾಯಿಗಳ ಮೇಲೆ ಆ ಶಸ್ತ್ರಕ್ರಿಯೆಯನ್ನು ಪುನಃಪುನಃ ಮಾಡಿ ಕರಗತಮಾಡಿಕೊಂಡಿದ್ದವರು. ಅಲ್ಲಿ ಇಂಟರ್ನ್ ಆಗಿ ನಿಂತು ನೋಡುತ್ತಿದ್ದ ಡೆಂಟನ್ ಕೂಲಿ ಮುಂದೆ ಜಗತ್ಪ್ರಸಿದ್ಧ ಹೃದಯಶಸ್ತ್ರವೈದ್ಯರಾದರು. ಥಾಮಸರ ಬಳಿ ಕೈಯನ್ನು ಹದಗೊಳಿಸಿಕೊಂಡ ರೆಸಿಡೆಂಟರು ಅನೇಕರು. 1976ರಲ್ಲಿ ಆ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟನ್ನು ಅರ್ಪಿಸಿತು. ಸುಶ್ರುತನು ಹೇಳಿದ ‘ಯೋಗ್ಯಾ’ ಇಪ್ಪತ್ತನೆಯ ಶತಮಾನದಲ್ಲಿ ಯಾರ ಕೈಯಲ್ಲಿ ಸಿದ್ಧಿಸಿತ್ತೆಂದು ಕೇಳಿದರೆ, ನಾನು ಮೊದಲು ಹೇಳುವ ಹೆಸರು ಥಾಮಸರದು.

ಅಮೆರಿಕದ ಜನ ರೆಸಿಡೆಂಟರ ಜೀವನವನ್ನು ಕುರಿತು ಗಟ್ಟಿಯಾಗಿ ಆಲೋಚಿಸುವಂತಾದದ್ದು 1984ರ ಮಾರ್ಚ್ ತಿಂಗಳಿನಲ್ಲಿ. ಜ್ವರವೂ ನಡುಕವೂ ಇದ್ದ 18 ವರ್ಷದ ಒಬ್ಬ ತರುಣಿ ನ್ಯೂಯಾರ್ಕಿನ ಆಸ್ಪತ್ರೆಯೊಂದನ್ನು ಸೇರಿ, ಮುಂಜಾನೆಯ ಹೊತ್ತಿಗೆ ತೀರಿಕೊಂಡಳು. ಅವಳು ಮೊದಲೇ ಸೇವಿಸುತ್ತಿದ್ದ ಔಷಧಕ್ಕೂ ಆಸ್ಪತ್ರೆಯಲ್ಲಿ ಕೊಟ್ಟ ಔಷಧಕ್ಕೂ ವಿರೋಧವಿತ್ತು. ಅವಳನ್ನು ನೋಡಿಕೊಂಡವರು ದೀರ್ಘಾವಧಿಯ ಡ್ಯೂಟಿಯಲ್ಲಿದ್ದ, ಇನ್ನೂ ಹಲವು ಹಾಸಿಗೆಗಳ ಹೊಣೆಹೊತ್ತಿದ್ದ ತರುಣ ವೈದ್ಯರು. ಪತ್ರಿಕಾಕರ್ತರಾಗಿದ್ದ ಅವಳ ತಂದೆ ಸುಮ್ಮನಾಗಲಿಲ್ಲ. ವಿಚಾರಣೆಗೆ ಕುಳಿತ ಪಂಚಾಯತರು ಯಾರ ಮೇಲೂ ಅಪರಾಧವನ್ನು ಹೊರಿಸದೆ, ದೋಷವನ್ನು ಪದ್ಧತಿಯಲ್ಲಿಯೇ ಕಂಡರು. 1989ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ವಾರಕ್ಕೆ 80 ಗಂಟೆ, ಒಂದೇ ಸಲಕ್ಕೆ 24 ಗಂಟೆ ಎಂದು ಮಿತಿಯನ್ನು ಹಾಕಿತು. 2003ರಲ್ಲಿ ಆ 80 ಗಂಟೆಯ ಮಿತಿ ದೇಶಕ್ಕೆಲ್ಲ ವ್ಯಾಪಿಸಿತು. ಅದಕ್ಕೆ ಮುಂಚೆ ವಾರಕ್ಕೆ ನೂರು ಗಂಟೆಗಳಿಗೂ ಮೀರಿ ದುಡಿದವರಿದ್ದರೆಂಬುದನ್ನು ನೆನೆದರೆ, 80 ಎಂಬುದು ಕೃಪೆಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಗಂಟೆಗಳ ಲೆಕ್ಕ ಸುಲಭವಾದದ್ದು, ಅದರ ಫಲವನ್ನು ತಿಳಿಯುವುದು ಸುಲಭವಾಗಲಿಲ್ಲ. 2004ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ತೀವ್ರನಿಗಾ ಘಟಕದಲ್ಲಿ ಹಳೆಯ ದೀರ್ಘಪಾಳಿಯಲ್ಲಿದ್ದ ಇಂಟರ್ನ್‌ಗಳು, ಪಾಳಿ ಮೊಟಕಾಗಿದ್ದವರಿಗಿಂತ ಶೇಕಡ 35.9ರಷ್ಟು ಹೆಚ್ಚು ಗಂಭೀರವಾದ ತಪ್ಪುಗಳನ್ನು ಮಾಡಿದ್ದರು. ಆದರೆ ಅಮೆರಿಕದ 117 ಶಸ್ತ್ರವೈದ್ಯ ತರಬೇತಿಗಳಲ್ಲಿ ನಡೆದು 2016ರಲ್ಲಿ ಹೊರಬಂದ ದೊಡ್ಡ ಪ್ರಯೋಗದಲ್ಲಿ, 80 ಗಂಟೆಯ ವಾರವನ್ನು ಉಳಿಸಿಕೊಂಡು ಪಾಳಿಯ ನಿಯಮಗಳನ್ನು ಸಡಿಲಿಸಿದ ಕಡೆ ಸಾವು ಮತ್ತು ಗಂಭೀರ ತೊಡಕುಗಳು ಶೇಕಡ 9.1, ಸಡಿಲಿಸದ ಕಡೆ ಶೇಕಡ 9.0. ನನಗೆ ಈ ಎರಡು ಪರಿಶೀಲನೆಗಳ ಫಲಗಳಲ್ಲಿ ವಿರೋಧ ಕಾಣುವುದಿಲ್ಲ. ದಣಿದ ಕಣ್ಣು ತಪ್ಪುಮಾಡುವುದು ನಿಜ; ಪಾಳಿ ಬದಲಾದಂತೆಲ್ಲ ರೋಗಿಯ ವೃತ್ತಾಂತವು ಬಾಯಿಂದ ಬಾಯಿಗೆ ದಾಟುವಾಗ ಸೋರಿಹೋಗುವುದೂ ನಿಜ. ನಿದ್ರೆಯ ಹಕ್ಕು ತರುಣ ವೈದ್ಯನಿಗೆ ಸಲ್ಲಬೇಕಾದದ್ದು ಅವನು ಮನುಷ್ಯನೆಂಬ ಕಾರಣಕ್ಕಾಗಿ. ಅದಕ್ಕೆ ಬೇರೆ ಪ್ರಮಾಣವನ್ನು ಕೇಳಲಾಗದು.

ಕಾಲವನ್ನು ಎಣಿಸುವುದು ಸಾಲದೆಂಬ ಅರಿವು ಬೇರೆ ಅಳತೆಗಳನ್ನು ಹುಡುಕಿಸಿತು. ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ರೊನಾಲ್ಡ್ ಹಾರ್ಡನ್ನರು 1975ರಲ್ಲಿ ಪರೀಕ್ಷೆಯನ್ನು ಹಲವು ಠಾಣೆಗಳನ್ನಾಗಿ ವಿಂಗಡಿಸಿ, ಒಂದೊಂದರಲ್ಲಿ ಒಂದೊಂದು ಕೌಶಲವನ್ನು ಎಲ್ಲ ವಿದ್ಯಾರ್ಥಿಗಳೂ ಒಂದೇ ರೀತಿಯಾಗಿ ಮಾಡಿತೋರಿಸುವ ಕ್ರಮವನ್ನು ಬಳಕೆಗೆ ತಂದರು. 1990ರಲ್ಲಿ ಜಾರ್ಜ್ ಮಿಲ್ಲರರು, ಬಲ್ಲವನು, ಹೇಗೆಂದು ಬಲ್ಲವನು, ತೋರಿಸಬಲ್ಲವನು, ದಿನದಿನದ ಕೆಲಸದಲ್ಲಿ ಮಾಡುವವನು ಎಂದು ನಾಲ್ಕು ಮೆಟ್ಟಲುಗಳನ್ನು ಗುರುತಿಸಿದರು. 1999ರಲ್ಲಿ ಅಮೆರಿಕದ ಮಾನ್ಯತಾಮಂಡಲಿಯು ಪ್ರತಿಯೊಬ್ಬ ರೆಸಿಡೆಂಟನಲ್ಲಿಯೂ ಇರಬೇಕಾದ ಆರು ಸಾಮರ್ಥ್ಯಗಳನ್ನು ಘೋಷಿಸಿತು. ಇಷ್ಟೆಲ್ಲ ಆದ ಮೇಲೆಯೂ, 2013ರಲ್ಲಿ ಉನ್ನತ ಶಸ್ತ್ರವೈದ್ಯ ತರಬೇತಿಯ ನಿರ್ದೇಶಕರನ್ನು ವಿಚಾರಿಸಿದಾಗ, ಐದು ವರ್ಷದ ವಾಸವನ್ನು ಮುಗಿಸಿ ಬಂದವರಲ್ಲಿ ಶೇಕಡ 66 ಮಂದಿ ದೊಡ್ಡ ಶಸ್ತ್ರಕ್ರಿಯೆಯೊಂದರಲ್ಲಿ ಅರ್ಧ ಗಂಟೆಯ ಕಾಲವೂ ಮೇಲ್ವಿಚಾರಣೆಯಿಲ್ಲದೆ ಕೆಲಸಮಾಡಲಾರರೆಂಬ ಉತ್ತರ ಬಂದಿತು. ಉಟ್ರೆಕ್ಟಿನ ಓಲೆ ಟೆನ್ ಕಾಟೆಯವರು 2005ರಲ್ಲಿ ಇಟ್ಟ ಸಲಹೆ ನನಗೆ ಹೆಚ್ಚು ಹಿಡಿಸಿದ್ದು ಈ ಕಾರಣದಿಂದ: ಈ ಕೆಲಸವನ್ನು ಇವನಿಗೆ ನಂಬಿ ಬಿಟ್ಟುಕೊಡಬಹುದೇ ಎಂಬುದೇ ಅವರು ಕೇಳುವ ಪ್ರಶ್ನೆ. ಹಾಲ್‌ಸ್ಟೆಡ್ಡರ ಮೌನವಾದ ಕಣ್ಣಿಗೆ ಅವರು ಮಾತು ಕೊಟ್ಟರು; ಒಬ್ಬರ ಕಣ್ಣಿನ ಬದಲು ಹಲವರ ಕಣ್ಣನ್ನು ಕೇಳಿದರು.

ಆದರೆ ಕಾಡ್ಮನ್ನರ ಚೀಟಿ? ಅದಕ್ಕೆ ಉತ್ತರವಾಗಬಲ್ಲ ಕೆಲಸವೊಂದು 2009ರಲ್ಲಿ ಕಾಣಿಸಿಕೊಂಡಿತು. ಡೇವಿಡ್ ಆಶ್ ಮತ್ತು ಅವರ ಸಂಗಡಿಗರು ನ್ಯೂಯಾರ್ಕ್ ಮತ್ತು ಫ್ಲಾರಿಡ ಸಂಸ್ಥಾನಗಳಲ್ಲಿ 1992ರಿಂದ 2007ರವರೆಗೆ ನಡೆದ ಸುಮಾರು 49 ಲಕ್ಷ ಹೆರಿಗೆಗಳ ದಾಖಲೆಗಳನ್ನು ತೆಗೆದುಕೊಂಡು, ಆ ಹೆರಿಗೆಗಳನ್ನು ನಡೆಸಿದ 4,124 ಪ್ರಸೂತಿತಜ್ಞರು ಯಾವ ಯಾವ ಆಸ್ಪತ್ರೆಗಳಲ್ಲಿ ರೆಸಿಡೆಂಟರಾಗಿದ್ದವರೆಂದು ಹುಡುಕಿದರು. 107 ತರಬೇತಿಗಳನ್ನು ಅವುಗಳಿಂದ ಹೊರಬಂದ ವೈದ್ಯರ ಕೈಯಲ್ಲಿ ತಾಯಂದಿರಿಗಾದ ತೊಡಕುಗಳಿಗೆ ಅನುಸಾರವಾಗಿ ಸಾಲಾಗಿ ನಿಲ್ಲಿಸಿ ಐದು ಪಾಲು ಮಾಡಿದಾಗ, ಮೇಲಿನ ಪಾಲಿನಲ್ಲಿ ಕಲಿತವರ ಕೈಯಲ್ಲಿ ಶೇಕಡ 10.3 ತಾಯಂದಿರಿಗೆ ದೊಡ್ಡ ತೊಡಕುಗಳಾಗಿದ್ದರೆ, ಕೆಳಗಿನ ಪಾಲಿನಲ್ಲಿ ಕಲಿತವರ ಕೈಯಲ್ಲಿ ಶೇಕಡ 13.6. ಪರವಾನಗಿ ಪರೀಕ್ಷೆಯ ಅಂಕಗಳನ್ನು ಗಣನೆಗೆ ತೆಗೆದುಕೊಂಡರೂ ಈ ವ್ಯತ್ಯಾಸ ಅಳಿಯಲಿಲ್ಲ. ನೂರು ತಾಯಂದಿರಲ್ಲಿ ಮೂವರಿಗೂ ಮಿಕ್ಕಿದವರ ನೋವು, ಅವರು ಕಂಡೂ ಇರದ ಯಾವುದೋ ಊರಿನ ವಾರ್ಡಿನಲ್ಲಿ, ವರ್ಷಗಳ ಹಿಂದೆ, ಒಬ್ಬ ತರುಣನಿಗೋ ತರುಣಿಗೋ ಹೇಗೆ ಹೇಳಿಕೊಟ್ಟರೆಂಬುದರೊಡನೆ ತಳಕುಹಾಕಿಕೊಂಡಿತ್ತು. ಯೋಗ್ಯತೆಯನ್ನು ನಿರ್ಣಯಿಸುವ ಹಕ್ಕುಳ್ಳ ಕೊನೆಯ ಪರೀಕ್ಷಕಳು ಈ ತಾಯಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವಳನ್ನು ಕೇಳಬೇಕೆಂದು ಬಾಸ್ಟನ್ನಿನಲ್ಲಿ ಒಬ್ಬರು ಹೇಳಿ, ಆ ವೇಳೆಗೆ ಒಂದು ಶತಮಾನವೇ ಕಳೆಯುತ್ತ ಬಂದಿತ್ತು.

ನಮ್ಮ ನಾಡಿಗೆ ಈ ವೃತ್ತಿಯ ಮಾತುಗಳು ಬಂದದ್ದು ಬ್ರಿಟಿಷರ ಮೂಲಕ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸಾಗಿದ ವೈದ್ಯಕೀಯ ಕಾಲೇಜಿನಿಂದ ಮೊದಲುಗೊಂಡು ನಮ್ಮ ವೈದ್ಯಶಿಕ್ಷಣ ಬೆಳೆದಂತೆ ‘ಹೌಸ್ ಸರ್ಜನ್’ ಎಂಬುದು ಮನೆಮಾತಾಯಿತು. ಹಾಲ್‌ಸ್ಟೆಡ್ಡರು ಆರು ವರ್ಷದ ತಪಸ್ಸಿನ ನಂತರ ಒಬ್ಬನಿಗೆ ಮಾತ್ರ ಕೊಡುತ್ತಿದ್ದ ಹೆಸರು ನಮ್ಮಲ್ಲಿ ಪರೀಕ್ಷೆ ಮುಗಿಸಿ ಮೊದಲ ಬಾರಿಗೆ ವಾರ್ಡಿಗೆ ಕಾಲಿಡುವ ಹುಡುಗನದು, ಹುಡುಗಿಯದು. ಡ್ಯೂಟಿಯ ಅವಧಿಯನ್ನು ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆಗಳಿಗೆ ಮೀರಗೊಡಬಾರದೆಂದು ಕೇಂದ್ರ ಸರ್ಕಾರ 1992ರಲ್ಲಿಯೇ ನಿರ್ದೇಶಿಸಿತ್ತು. ವಾರ್ಡುಗಳಲ್ಲಿ 36 ಗಂಟೆ ಕಣ್ಣುಮುಚ್ಚದೆ ನಿಲ್ಲುವ ತರುಣರನ್ನು ಬಲ್ಲವರೆಲ್ಲರಿಗೂ ಆ ಕಾಗದಕ್ಕೂ ವಾಸ್ತವಕ್ಕೂ ಇರುವ ಅಂತರ ಗೊತ್ತು. 2019ರಿಂದ ಎಂ.ಬಿ.ಬಿ.ಎಸ್. ತರಗತಿಗೆ ಸಾಮರ್ಥ್ಯವನ್ನು ಆಧರಿಸಿದ ಪಠ್ಯಕ್ರಮ ಬಂದಿತು. ಅನಂತರ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳ ಕಾಲ ಜಿಲ್ಲಾ ಆಸ್ಪತ್ರೆಯಲ್ಲಿ ಸೇವೆಮಾಡತಕ್ಕದ್ದೆಂಬ ನಿಯಮವೂ ಬಂದಿದೆ. ಈ ನಿಯಮವನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುವವನು. ಯಾವ ಜನರಿಗಾಗಿ ಕಲಿಯುತ್ತಾರೋ ಆ ಜನರ ಸಮೀಪದಲ್ಲಿ ವಾಸ ಅಲ್ಲಿ ಲಭಿಸುತ್ತದೆ.

ಆ ಮೂರು ತಿಂಗಳಲ್ಲಿ ತರುಣ ವೈದ್ಯೆಯ ಕೈಯಲ್ಲಿ ಒಂದು ಲಾಗ್‌ಬುಕ್ ಇರುತ್ತದೆ. ಅದರಲ್ಲಿ ನಡೆಸಿದ ಹೆರಿಗೆಗಳು, ಸಹಾಯಮಾಡಿದ ಶಸ್ತ್ರಕ್ರಿಯೆಗಳು, ಪಕ್ಕದಲ್ಲಿ ಹಿರಿಯರ ಸಹಿ. ಅವಳು ಹೆರಿಗೆಮಾಡಿಸಿದ ಹೆಂಗಸು ಮಗುವನ್ನು ಮಡಿಲಲ್ಲಿಟ್ಟುಕೊಂಡು ಊರಿಗೆ ಹಿಂದಿರುಗುವಾಗ, ಅವಳ ಚೀಲದಲ್ಲಿಯೂ ಒಂದು ಪುಸ್ತಕವಿರುತ್ತದೆ, ನಮ್ಮ ಹಳ್ಳಿಗಳವರೆಲ್ಲರೂ ಬಲ್ಲ ತಾಯಿ ಕಾರ್ಡು. ಆಶಾ ಕಾರ್ಯಕರ್ತೆ ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕನೆಯ ದಿನ, ಹೀಗೆ 42ನೆಯ ದಿನದವರೆಗೆ ಆ ಮನೆಯ ಹೊಸ್ತಿಲನ್ನು ದಾಟಿ, ರಕ್ತಸ್ರಾವ ನಿಂತಿತೇ, ಜ್ವರ ಬಂದಿತೇ, ಮಗು ಹಾಲು ಕುಡಿಯುತ್ತಿದೆಯೇ ಎಂದು ವಿಚಾರಿಸುತ್ತಾಳೆ. ಲಾಗ್‌ಬುಕ್ ಕಾಲೇಜಿನ ಕಪಾಟನ್ನು ಸೇರುತ್ತದೆ. ತಾಯಿ ಕಾರ್ಡು ಮನೆಯ ಪೆಟ್ಟಿಗೆಯನ್ನು ಸೇರುತ್ತದೆ. ಆ ವೈದ್ಯೆಯು ಯೋಗ್ಯಳಾದಳೇ ಎಂದು ತಿಳಿಯಬಯಸುವ ಗುರುಗಳು ಈ ಎರಡನ್ನೂ ಒಂದೇ ಮೇಜಿನ ಮೇಲೆ ತೆರೆದಿಟ್ಟು, 42ನೆಯ ದಿನದ ಸಾಲಿನಿಂದ ಓದಲು ತೊಡಗಲಿ ಎಂಬುದು ನನ್ನ ಕೋರಿಕೆ.